ಇದ್ದಿಲಿಲ್ಲದೆ ಬುಲ್ಗೋಗಿ: ಹನ್ನೊಂದನೇ ಸಲಕ್ಕೆ ಹದ ಸಿಕ್ಕಿತು

ದಕ್ಷಿಣ ಕೊರಿಯಾದ ಸುವೊನ್ ನಗರದ ಯೊಂಗ್‌ತೊಂಗ್‌ನಲ್ಲಿ ನಮ್ಮದು ಎಂಟನೇ ಮಹಡಿ. ಇದ್ದಿಲು ಹಚ್ಚುವ ಮಾತೇ ಇಲ್ಲ. ಮಸಾಲೆಯಲ್ಲಿ ನೆನೆಸಿ ಸುಡೋ ಇಲ್ಲಿನ ಬೀಫ್ ಅಡುಗೆ ಬುಲ್ಗೋಗಿಯನ್ನು ಮನೆಯಲ್ಲೇ ಮಾಡ್ತೀನಿ ಅಂದಾಗ ಆಫೀಸಿನ ಹಿರಿಯರೊಬ್ಬರು, "ಬುಲ್ ಅಂದರೆ ಬೆಂಕಿ, ಗೋಗಿ ಅಂದರೆ ಮಾಂಸ. ಬೆಂಕಿಯನ್ನೇ ಬಿಟ್ಟು ಏನು ಮಾಡ್ತೀಯ? ಬಾಣಲೆಯಲ್ಲಿ ಆಗೋದು ಪಲ್ಯ" ಅಂದರು. ಆ ಮಾತು ಮನಸ್ಸಿಗೆ ನಾಟಿತ್ತು. ಹೋಟೆಲಿಗೆ ಹೋದರೆ ಇಬ್ಬರಿಗೆ 50 ಸಾವಿರ ವಾನ್ ಕೈಬಿಟ್ಟು ಹೋಗುತ್ತೆ, ಹನೂ (ಕೊರಿಯಾದ ನಾಟಿ ದನದ) ಮಾಂಸ ಕೇಳಿದರೆ ಅದರ ಎರಡರಷ್ಟು. ತಿಂಗಳಿಗೆ ಮೂರು ಸಲ ತಿನ್ನೋ ಆಸೆ ಇದ್ದವನಿಗೆ ಅದು ಗಿಟ್ಟೋ ಲೆಕ್ಕವಲ್ಲ.

ಮೊದಲ ಪೆಟ್ಟು ಬಿದ್ದದ್ದು ಕಿವಿ ಹಣ್ಣಿನಿಂದ. ಚುಸೊಕ್ ಹಬ್ಬದ ಹೊತ್ತು, ಮಾಂಸ ಮೆದುವಾಗೋಕೆ ಹಾಕೋ ಪೇರ್ ಹಣ್ಣು ಒಂದಕ್ಕೇ ನಾಲ್ಕೈದು ಸಾವಿರ ವಾನ್ ಇತ್ತು. ಕಿವಿ ಅಗ್ಗ, ಅದೂ ಮಾಂಸ ಮೆದು ಮಾಡುತ್ತೆ ಅಂತ ಇಡೀ ರಾತ್ರಿ ನೆನೆಸಿಟ್ಟೆ. ಬೆಳಿಗ್ಗೆ ನೋಡಿದರೆ ಎಳೆಯೇ ಇಲ್ಲ, ಚಮಚಕ್ಕೆ ಗಂಜಿಯ ಹಾಗೆ ಬಂತು. ಆಸ್ಟ್ರೇಲಿಯಾದ ಬೀಫ್ ಆಗ 100 ಗ್ರಾಂಗೆ ಸುಮಾರು 2 ಸಾವಿರ ವಾನ್. ಇಲ್ಲಿ ಮಾಂಸದ ಲೆಕ್ಕ ಗುನ್‌ನಲ್ಲಿ, ಒಂದು ಗುನ್ ಅಂದರೆ 600 ಗ್ರಾಂ. ಎರಡು ಗುನ್ ಕಸದ ಬುಟ್ಟಿಗೆ. ನಮ್ಮ ರೂಪಾಯಿಯಲ್ಲಿ ಸಾವಿರದ ನಾನೂರೋ ಐನೂರೋ.

ಆಮೇಲೆ ನಾಲ್ಕೈದು ಸಲ ಬಾಣಲೆಯಲ್ಲೇ ಒದ್ದಾಡಿದೆ. ಪ್ರತಿ ಸಲವೂ ಅದೇ ಕಥೆ: ಮಾಂಸ ನೀರು ಬಿಟ್ಟುಕೊಳ್ಳುತ್ತೆ, ಬೇಯುತ್ತೆ, ಬೂದುಬಣ್ಣಕ್ಕೆ ತಿರುಗುತ್ತೆ. ಹಿರಿಯರು ಹೇಳಿದ ಪಲ್ಯವೇ. ಉರಿ ಜಾಸ್ತಿ ಮಾಡಿದರೆ ಪೇರ್ ಹಣ್ಣಿನ ತಿರುಳು ತಳ ಹಿಡಿದು ಕಹಿ.

ದಾರಿ ಸಿಕ್ಕಿದ್ದು ಉಲ್ಸಾನ್ ಕಡೆ ಹೋದಾಗ. ಅಲ್ಲಿನ ಒನ್ಯಾಂಗ್‌ನಲ್ಲಿ ಸಾರಿನಲ್ಲಿ ಬೇಯಿಸೋ ರಾಜಧಾನಿ ಸಿಯೋಲ್‌ನ ಪದ್ಧತಿಯಿಲ್ಲ. ಮಾಂಸವನ್ನು ತೆಳ್ಳಗೆ ತಟ್ಟಿ, ಎರಡು ಮಡಿಕೆಯ ತಂತಿ ಜಾಲರಿಯಲ್ಲಿ ಒತ್ತಿ ಹಿಡಿದು ಕೆಂಡದ ಮೇಲೆ ಸುಡ್ತಾರೆ. ನಮ್ಮ ಅಕ್ಕಿ ರೊಟ್ಟಿಯಷ್ಟೇ ದಪ್ಪ. ಆ ಜಾಲರಿ ಸೊಕ್ಸ್ವೆಯನ್ನು 7 ಸಾವಿರ ವಾನ್‌ಗೆ ತಂದೆ. ಕೆಂಡದ ಬದಲು ಬ್ಯುಟೇನ್ ಒಲೆ.

ಮೊದಲ ದಿನ ರಸ ತೊಟ್ಟಿಕ್ಕಿ ಬೆಂಕಿ ಭಗ್ಗೆಂದು ಎದ್ದಿತು, ಹೊಗೆ ಮೇಲಿನ ಮನೆಗೆ ಹೋಗಿ ದೂರು ಬಂತು. ಆಗ ಅರ್ಥವಾಯಿತು, ಇದರಲ್ಲಿ ಮುಖ್ಯ ಕೆಲಸ ಸೋಸೋದು. ಈಗ ಫ್ರೀಜರ್‌ನಿಂದ ತೆಗೆದು ಅರ್ಧ ಕರಗಿದ ಮಾಂಸವನ್ನು ಪೇಪರ್ ಟವೆಲ್‌ನಲ್ಲಿ ಕಾಲು ಗಂಟೆ ಇಟ್ಟು ರಕ್ತ ತೆಗೀತೀನಿ. ಪೇರ್ ಹಣ್ಣನ್ನು ತುರಿದು ಬಟ್ಟೆಯಲ್ಲಿ ಹಿಂಡಿ ರಸ ಮಾತ್ರ ತಗೋತೀನಿ. ಒಂದು ಗುನ್‌ಗೆ ಅರ್ಧ ಹಣ್ಣು, ಎರಡು ಚಮಚ ಸಕ್ಕರೆ. ಮೊದಲು ಇವೆರಡೇ, ಇಪ್ಪತ್ತು ನಿಮಿಷ. ಆಮೇಲೆ ಐದು ಚಮಚ ಸೋಯಾ ಸಾಸ್, ಬೆಳ್ಳುಳ್ಳಿ, ಈರುಳ್ಳಿ ದಂಟಿನ ಬಿಳಿ ಭಾಗ, ಮೆಣಸು. ಎಳ್ಳೆಣ್ಣೆ ಕಟ್ಟಕಡೆಗೆ, ಮೊದಲೇ ಹಾಕಿದರೆ ಉಪ್ಪು ಸಿಹಿ ಎರಡೂ ಒಳಗೆ ಇಳಿಯಲ್ಲ. ಎರಡು ಗಂಟೆ ನೆನೆದ ಮೇಲೆ ಜರಡಿಗೆ ಸುರಿದು ಹತ್ತು ನಿಮಿಷ ಬಿಡ್ತೀನಿ. ಕೆಳಗಿಳಿದ ರಸ ಚೆಲ್ಲಬೇಡಿ, ಮಾರನೇ ದಿನ ಅದನ್ನು ಕುದಿಸಿ ಗೆಣಸಿನ ಶ್ಯಾವಿಗೆ ಬೇಯಿಸಿದರೆ ಮಕ್ಕಳು ತಟ್ಟೆ ನೆಕ್ಕುತ್ತಾರೆ.

ಉರಿಯಿಂದ ನಾಲ್ಕು ಬೆರಳು ಮೇಲೆ ಹಿಡಿದು, ಎಣಿಸಿ ಹತ್ತಕ್ಕೆ ಮಗುಚಬೇಕು. ಮೊದಲು ಬಿಳಿ ನೊರೆ ಬರುತ್ತೆ. ಅದು ಸಣ್ಣ ಕಂದು ಗುಳ್ಳೆಯಾಗಿ, ಗುಳ್ಳೆ ಒಡೆದು ಮೇಲ್ಮೈ ಮಿರುಗೋಕೆ ಶುರುವಾದಾಗ ಅಂಚು ಮಾತ್ರ ಕಪ್ಪಗೆ ಮುದುಡಿರುತ್ತೆ. ಅದೇ ಹದ. ಎರಡೂವರೆ ನಿಮಿಷಕ್ಕಿಂತ ಹೆಚ್ಚು ಬೇಡ.

ನಡುವೆ ನಮ್ಮೂರ ಪ್ರಯೋಗಗಳೂ ನಡೆದವು. ಮಂಗಳೂರಿನಲ್ಲಿ ಅಮ್ಮ ಬೀಫ್‌ಗೆ ಪಪ್ಪಾಯಿ ಕಾಯಿ ತಿಕ್ಕುತ್ತಿದ್ದರು. ಆನ್ಸಾನ್‌ನ ವೊಂಗೊಕ್‌ತೊಂಗ್ ಪೇಟೆಯಲ್ಲಿ ಹುಡುಕಿ ತಂದೆ. ಮಾಂಸ ಮೆದುವಾಯಿತು, ಆದರೆ ಆ ಹಸಿ ವಾಸನೆ ಎಳ್ಳೆಣ್ಣೆಗೆ ಹೊಂದಲಿಲ್ಲ. ಸಕ್ಕರೆ ಬದಲು ಬೆಲ್ಲ ಹಾಕಿದ್ದಕ್ಕೆ ಬಣ್ಣ ಅದ್ಭುತ ಬಂತು. ಅದನ್ನು ಅರ್ಧಕ್ಕರ್ಧ ಉಳಿಸಿಕೊಂಡಿದ್ದೇನೆ. ಬ್ಯಾಡಗಿ ಪುಡಿ ಸುಮ್ಮನೆ ದಂಡ.

ಕೊನೇ ಮಗ್ಗುಲಿಗೆ ನಾನು ಒಂದು ಚಮಚ ಸವರುತ್ತೇನೆ. ಅದು ಏನು ಅನ್ನೋದು ನನ್ನ ಹತ್ತಿರವೇ ಇರಲಿ.

ಹನ್ನೊಂದನೇ ಸಲ ಆ ಹಿರಿಯರನ್ನೇ ಊಟಕ್ಕೆ ಕರೆದೆ. ಪೆರಿಲ್ಲಾ ಎಲೆಯಲ್ಲಿ ಒಂದು ತುತ್ತು ಕಟ್ಟಿ ಬಾಯಿಗಿಟ್ಟವರು ಎರಡನೆಯದಕ್ಕೆ ಎಲೆಯನ್ನೇ ಬಿಟ್ಟು ಬರೀ ಮಾಂಸ ತಗೊಂಡರು. "ಇದ್ದಿಲು ಎಲ್ಲಿಟ್ಟಿದ್ದೀಯ?" ಅಂತ ಬಾಲ್ಕನಿಗೆ ಹೋಗಿ ನೋಡಿ ಬಂದರು. ನಾಲ್ಕು ಜನ ಹೊಟ್ಟೆ ತುಂಬಾ ತಿಂದದ್ದಕ್ಕೆ ಒಟ್ಟು ಖರ್ಚು 35 ಸಾವಿರ ವಾನ್ ಚಿಲ್ಲರೆ. ಬರುವ ತಿಂಗಳು ಅವರ ಮನೆಯಲ್ಲಿ ಹದಿನೈದು ಜನಕ್ಕೆ ನಾನೇ ಮಾಡಬೇಕಂತೆ. ಇನ್ನೆರಡು ಜಾಲರಿ ತಂದಿಟ್ಟಿದ್ದೇನೆ.