ಕನ್ನಡದ ಬೈಟ್ ಕಾಣದ ಸಿ ಫಂಕ್ಷನ್: ಸರಿಪಡಿಸುವುದು ಹೇಗೆ?

ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳ ಹೆಸರನ್ನು ಕನ್ನಡದಲ್ಲಿ ತುಂಬಿದ ಬಫರ್ (ಮೆಮೊರಿಯ ತುಂಡು) ಒಂದನ್ನು, ಬೈಟ್ ಹುಡುಕುವ ಸಿ ಭಾಷೆಯ ಸಿದ್ಧ ಫಂಕ್ಷನ್ ಆದ ಮೆಮ್‌ಸಿಎಚ್‌ಆರ್ ಮಾದರಿಯಲ್ಲಿ ನೀವೇ ಬರೆದ ಫಂಕ್ಷನ್ನಿಗೆ ಕೊಟ್ಟು 224 ಎಂಬ ಬೈಟನ್ನು ಹುಡುಕಿಸಿ. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್‌ಗಳಿದ್ದು, ಅವುಗಳಲ್ಲಿ ಮೊದಲನೆಯದು ಯಾವಾಗಲೂ 224 ಆಗಿರುವುದರಿಂದ, ಅದು ಮೊದಲ ಸ್ಥಾನದಲ್ಲೇ ಸಿಗಬೇಕು. ಆದರೆ ಲಿನಕ್ಸ್ ಇರುವ ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ ‘ಇಲ್ಲ’ ಎನ್ನುವ ಫಂಕ್ಷನ್, ಅದೇ ಲಿನಕ್ಸ್ ಇರುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಸರಿಯಾದ ಉತ್ತರ ಕೊಡಬಹುದು.

ಒಂದು ಬೈಟ್ ಹಿಡಿಸುವ ಚಾರ್ ಎಂಬ ಟೈಪಿಗೆ ಋಣ ಸಂಖ್ಯೆಗಳು ಇರಬೇಕೋ ಬೇಡವೋ ಎಂಬುದನ್ನು ಸಿ ಭಾಷೆಯ ಮಾನಕವು ಕಂಪೈಲರ್‌ಗೆ ಬಿಟ್ಟಿದೆ. ಇಂಟೆಲ್‌ನಲ್ಲಿ ಅದು ಸೈನ್ಡ್ (ಋಣ ಸಂಖ್ಯೆ ಇರುವಂಥದು), ಪೈ ಮೇಲೆ ಅನ್‌ಸೈನ್ಡ್ (ಇಲ್ಲದಂಥದು). ಹಾಗಾಗಿ ಇಂಟೆಲ್‌ನಲ್ಲಿ ಬಫರ್‌ನಲ್ಲಿರುವ 224 ಹೋಲಿಕೆಯ ವೇಳೆ ಇಂಟ್ (ದೊಡ್ಡ ಪೂರ್ಣಾಂಕದ ಟೈಪು) ಆಗಿ ಹಿಗ್ಗುವಾಗ -32 ಆಗುತ್ತದೆ. ಹುಡುಕಬೇಕಾದ ಬೆಲೆಯಾದರೋ ಇಂಟ್ ಆಗಿಯೇ ಬಂದು 224 ಆಗಿಯೇ ಉಳಿದಿರುತ್ತದೆ. ಎರಡೂ ಎಂದಿಗೂ ಸಮವಾಗವು. 127ರವರೆಗಿನ ಬೈಟ್‌ಗಳಿಗೆ ಈ ತೊಡಕಿಲ್ಲವಾದ್ದರಿಂದ, ಇಂಗ್ಲಿಷ್ ಪಠ್ಯವನ್ನಷ್ಟೇ ಕೊಟ್ಟು ಪರೀಕ್ಷಿಸಿದವರಿಗೆ ದೋಷ ಕಣ್ಣಿಗೆ ಬೀಳುವುದೇ ಇಲ್ಲ. ಎರಡು ಬದಿಯೂ ಇಂಟ್ ಆಗಿಬಿಡುವುದರಿಂದ ಕಂಪೈಲರ್ ಕೂಡ ಇಲ್ಲಿ ಎಚ್ಚರಿಕೆ ಕೊಡದೆ ಸುಮ್ಮನಿರುತ್ತದೆ.

ಆದ್ದರಿಂದ ಫಂಕ್ಷನ್ನಿನ ಒಳಗೆ ಮೊದಲು ಬಫರ್‌ನ ಪಾಯಿಂಟರನ್ನು (ವಿಳಾಸವನ್ನು) ಕಾನ್‌ಸ್ಟ್ ಅನ್‌ಸೈನ್ಡ್ ಚಾರ್ ಪಾಯಿಂಟರ್ ಆಗಿ ತೆಗೆದುಕೊಳ್ಳಿ. ಹುಡುಕುವ ಬೆಲೆಯನ್ನೂ ಅನ್‌ಸೈನ್ಡ್ ಚಾರ್‌ಗೆ ಕಾಸ್ಟ್ ಮಾಡಿ (ಟೈಪು ಬದಲಿಸಿ), ಲೂಪಿನ ಹೊರಗೇ ಒಂದು ವೇರಿಯಬಲ್‌ನಲ್ಲಿ ಇರಿಸಿ. ಬಫರನ್ನು ಮಾತ್ರ ಬದಲಿಸಿ ಬೆಲೆಯನ್ನು ಹಾಗೇ ಬಿಟ್ಟರೆ, ಸೈನ್ಡ್ ಚಾರ್‌ನಿಂದ ಬಂದ -32 ಅನ್ನು ಕಳುಹಿಸುವ ಹಳೆಯ ಕರೆಗಳು ಈಗ ಸೋಲುತ್ತವೆ.

ಬಫರ್‌ನ ಉದ್ದವನ್ನೂ ಲೂಪಿನ ಎಣಿಕೆಯನ್ನೂ ಇಡಲು ಇಂಟ್ ಬದಲು ಸೈಜ್_ಟಿ ಎಂಬ, ಗಾತ್ರ ಅಳೆಯುವ ಅನ್‌ಸೈನ್ಡ್ ಟೈಪನ್ನು ಬಳಸಿ. 32 ಬಿಟ್ಟಿನ ಇಂಟ್ 2147483647ಕ್ಕೆ ನಿಲ್ಲುತ್ತದೆ. ಉತ್ತರವನ್ನು ಸ್ಥಾನದ ಸಂಖ್ಯೆಯಾಗಿ ಕೊಡುವುದಕ್ಕಿಂತ ಪಾಯಿಂಟರ್ ಆಗಿ ಕೊಟ್ಟು, ಸಿಗದಿದ್ದಾಗ ನಲ್ (ಖಾಲಿ ಪಾಯಿಂಟರ್) ಹಿಂದಿರುಗಿಸುವುದು ಲೇಸು. ಆಗ ‘ಸಿಗಲಿಲ್ಲ’ ಎನ್ನಲು -1 ಕೊಡುವ ಗೋಜೇ ಇರುವುದಿಲ್ಲ.

ಕೊನೆಯಿಂದ ಹಿಂದಕ್ಕೆ ಹುಡುಕುವ ಜೋಡಿ ಫಂಕ್ಷನ್ ಇದ್ದರೆ ಅಲ್ಲಿ ನಿಧಾನಿಸಿ. ಸೈಜ್_ಟಿ ಸೊನ್ನೆಗಿಂತ ಕೆಳಗಿಳಿಯದು; ‘ಐ ಸೊನ್ನೆಗಿಂತ ಹೆಚ್ಚು ಅಥವಾ ಸಮ’ ಎಂಬ, ಲೂಪಿನ ಎಣಿಕೆಯಾದ ಐ ಮೇಲಿನ ಹಳೆಯ ಷರತ್ತು ಸದಾ ನಿಜವಾಗಿ, ಲೂಪು ಬಫರ್‌ನ ಹೊರಗೆ ಓದತೊಡಗುತ್ತದೆ. ಐ ಉದ್ದದಿಂದ ಆರಂಭವಾಗಲಿ, ಅದು ಸೊನ್ನೆಯಲ್ಲದಿರುವವರೆಗೆ ಲೂಪು ನಡೆಯಲಿ, ಒಳಹೊಕ್ಕ ಕೂಡಲೇ ಒಂದನ್ನು ಕಳೆಯಿರಿ.

ಟೈಪುಗಳು ಬದಲಾದ್ದರಿಂದ ಹೆಡರ್ ಕಡತದಲ್ಲಿರುವ ಫಂಕ್ಷನ್ನಿನ ಘೋಷಣೆಯನ್ನೂ ಬದಲಿಸಿ, ಫಂಕ್ಷನ್ನನ್ನು ಕರೆಯುವ ಎಲ್ಲ ಪ್ರೋಗ್ರಾಮುಗಳನ್ನು ಮತ್ತೆ ಕಂಪೈಲ್ ಮಾಡಲೇಬೇಕು.

ಪರೀಕ್ಷೆಗೆ ‘ಮಂಡ್ಯ’ ಎಂಬ ಪದವೇ ಸಾಕು: ಐದು ಸಂಕೇತ, 15 ಬೈಟ್. 224 ಮತ್ತು -32 ಎರಡಕ್ಕೂ ಮೊದಲ ಬೈಟಿನ ವಿಳಾಸವೇ ಬರಬೇಕು. 175 ಕೊಟ್ಟರೆ ಕೊನೆಯ ಬೈಟಿನದು. ಉದ್ದ ಸೊನ್ನೆಯಾದರೆ ನಲ್. ಜಿಸಿಸಿ ಎಂಬ ಕಂಪೈಲರ್‌ನಲ್ಲಿ ಚಾರ್ ಅನ್ನು ಸೈನ್ಡ್ ಅಥವಾ ಅನ್‌ಸೈನ್ಡ್ ಮಾಡುವ ಆಯ್ಕೆಗಳಿದ್ದು, ಎರಡರಲ್ಲೂ ಕಂಪೈಲ್ ಮಾಡಿ ಇದೇ ಪರೀಕ್ಷೆಗಳನ್ನು ನಡೆಸಿ.