ಬಾಕಿ ವಸೂಲಿಗೆ ಒದಗಿದ ವಿಷುವಲೈಸೇಷನ್: ನನ್ನ ಅನುಭವ

ಬೆಂಗಳೂರಿನ ಶ್ರೀನಗರದಲ್ಲಿ 10 ಅಡಿಗೆ 12 ಅಡಿಯ ಒಂದು ಬ್ಲೌಸ್ ಅಂಗಡಿ ಹಾಕಿ ಈಗ ಏಳು ತಿಂಗಳಾಯಿತು. "ಕಣ್ಣು ಮುಚ್ಚಿ ಕೂತರೆ ಅಂಗಡಿ ಬರುತ್ತಾ, ಹೋಗಿ ಮಿಷನ್ ತುಳಿ" ಅಂತ ನಕ್ಕಿದ್ದ ನಮ್ಮನೆಯವರೇ ಈಗ ಸಂಜೆ ಬಂದು ಹುಕ್ಸ್ ಡಬ್ಬಿ ಜೋಡಿಸಿಕೊಡುತ್ತಾರೆ. ವಿಷುವಲೈಸೇಷನ್ ಅಂದರೆ ಆಗಬೇಕಾದ್ದನ್ನು ಕಣ್ಣು ಮುಚ್ಚಿ ಮನಸ್ಸಿನಲ್ಲೇ ನಡೆಸಿ ನೋಡೋದು. ಅದಕ್ಕೆ ಹೇಗೆ ಕೂರಬೇಕು, ಉಸಿರು ಹೇಗೆ ಬಿಡಬೇಕು ಅನ್ನೋದನ್ನು ಹೇಳೋರು ಬೇಕಾದಷ್ಟು ಜನ ಇದ್ದಾರೆ. ಅದನ್ನು ಬಿಟ್ಟು, ನಾನು ಎಲ್ಲಿ ಎಡವಿದೆ, ಎಷ್ಟು ಕಳೆದುಕೊಂಡೆ ಅಂತ ಹೇಳುತ್ತೇನೆ.

ಮೊದಲ ಎರಡು ವರ್ಷ ಬರೀ ಲುಕ್ಸಾನು. ಒಂದು ಹೋಟೆಲ್ ಹಾಲಿನಲ್ಲಿ ಭಾನುವಾರದ ಕಾರ್ಯಾಗಾರ, ಊಟ ಸೇರಿ 6,500 ರೂಪಾಯಿ. ಕೊನೆಗೆ ಎಲ್ಲರೂ ತಬ್ಬಿಕೊಂಡು ಅತ್ತೆವು. ಊಟ ಚೆನ್ನಾಗಿತ್ತು. ಆಮೇಲೆ ಒಂದು ಆ್ಯಪ್, ವರ್ಷಕ್ಕೆ 2,000ದ ಹತ್ತಿರ. ಅದರಲ್ಲಿ ಒಬ್ಬ ಇಂಗ್ಲಿಷಿನಲ್ಲಿ ಸಮುದ್ರದ ದಡದಲ್ಲಿ ನಡೆಯಲು ಹೇಳುತ್ತಿದ್ದ. ನನಗೆ ಸಮುದ್ರ ಯಾಕೆ ಸ್ವಾಮಿ, ಬೇಕಾಗಿದ್ದದ್ದು ಹನುಮಂತನಗರದಲ್ಲೋ ಶ್ರೀನಗರದಲ್ಲೋ ಒಂದು ಶಟರ್. ಬೇಕಾದ್ದರ ಚಿತ್ರಗಳನ್ನು ಅಂಟಿಸಿಟ್ಟು ದಿನಾ ನೋಡೋ ವಿಷನ್ ಬೋರ್ಡೂ ಮಾಡಿದೆ. ಅವೆನ್ಯೂ ರೋಡಿನಿಂದ ಚಾರ್ಟ್ ಶೀಟ್ ತಂದು, ಉತ್ಸಾಹದಲ್ಲಿ ಬಟ್ಟೆ ಕತ್ತರಿಯಲ್ಲೇ ಪೇಪರ್ ಕತ್ತರಿಸಿಬಿಟ್ಟೆ. ಟೈಲರ್ ಆದವಳು ಮಾಡೋ ಕೆಲಸವಾ ಇದು! ಸಾಣೆಗೆ 60 ರೂಪಾಯಿ ಬೇರೆ.

ನಿಜವಾದ ತೊಂದರೆ ಏನೆಂದರೆ, ಕಣ್ಣು ಮುಚ್ಚಿದರೆ ನನಗೆ ಏನೂ ಕಾಣಲ್ಲ. ಕತ್ತಲೆ ಅಷ್ಟೇ. ಕಾರ್ಯಾಗಾರದವರಿಗೆ ಹೇಳಿದರೆ "ನಿಮ್ಮ ನಂಬಿಕೆ ಸಾಲದು, ಮುಂದಿನ ಲೆವೆಲ್‌ಗೆ ಸೇರಿಕೊಳ್ಳಿ" ಅಂದರು. ಅದು 15,000. ಸದ್ಯ, ಸೇರಲಿಲ್ಲ. ಮಗಳು ಫೋನಿನಲ್ಲಿ ಹುಡುಕಿ, ಹೀಗೆ ಮನಸ್ಸಿನಲ್ಲಿ ಚಿತ್ರವೇ ಮೂಡದ ಜನ ಇದ್ದಾರೆ, ಆಡಮ್ ಝೀಮನ್ ಅನ್ನೋ ಡಾಕ್ಟರು 2015ರಲ್ಲಿ ಅದಕ್ಕೆ ಅಫ್ಯಾಂಟೇಸಿಯಾ ಅಂತ ಹೆಸರಿಟ್ಟಿದ್ದಾರೆ ಅಂತ ಓದಿ ಹೇಳಿದಳು. ನನ್ನನ್ನು ಯಾರೂ ಪರೀಕ್ಷೆ ಮಾಡಿಲ್ಲ. ಆದರೂ ಅವತ್ತಿನಿಂದ ನನ್ನನ್ನು ನಾನೇ ಬೈದುಕೊಳ್ಳೋದು ನಿಂತಿತು. ಚಿತ್ರ ಬರದಿದ್ದರೆ ಏನಂತೆ, ಸದ್ದು ಬರುತ್ತೆ. ದಪ್ಪ ರೇಷ್ಮೆಯೊಳಗೆ ಕತ್ತರಿ ಕರಕರ ಅಂತ ಹೋಗೋದು, ಬಾಬಿನ್ ದಾರ ಮುಗಿದಾಗ ಸೂಜಿಯ ಸದ್ದು ಬದಲಾಗೋದು, ಎಲ್ಲ ಬೇಕೆಂದಾಗ ಕೇಳಿಸುತ್ತೆ.

ಸರಿ, ದಿನಾ ಬೆಳಿಗ್ಗೆ ನನ್ನ ಅಂಗಡಿಯ ಶಟರ್ ಮೇಲೇಳೋ ಸದ್ದು ಕೇಳುತ್ತಾ ಕೂತೆ. ನಾಲ್ಕು ತಿಂಗಳು. ಎಷ್ಟು ಸುಖ ಅಂತೀರಾ! ಅಂಗಡಿ ಬಂದೇಬಿಟ್ಟಿದೆ ಅನ್ನೋ ಹಾಗೆ. ಆ ಸುಖದಲ್ಲಿ ಎದ್ದು ಎರಡನೇ ಕಾಫಿ ಕುಡಿದು, ಹೊಲಿಗೆಗೆ ಕೂರೋ ಹೊತ್ತಿಗೆ ಹನ್ನೊಂದಾಗಿರುತ್ತಿತ್ತು. ನಾಲ್ಕು ತಿಂಗಳಿಗೆ ಉಳಿದದ್ದು 11,000. ಅಂಗಡಿ ಓನರ್ ಕೇಳಿದ್ದು ತಿಂಗಳಿಗೆ 9,000 ಬಾಡಿಗೆ, ಹತ್ತು ತಿಂಗಳ ಅಡ್ವಾನ್ಸು 90,000.

ಆಷಾಢದಲ್ಲಿ ಕೆಲಸ ಕಮ್ಮಿ ಇತ್ತು. ಸುಮ್ನೆ ಲೆಕ್ಕದ ಪುಸ್ತಕ ತೆಗೆದು ಬಾಕಿ ಕೂಡಿಸಿದೆ. 68,000 ಚಿಲ್ಲರೆ! ಫಾಲ್ಸ್, ಕುಚ್ಚು, ಲೈನಿಂಗ್ ಬ್ಲೌಸು, ಎಲ್ಲ ಗೊತ್ತಿರೋರದೇ. "ಮುಂದಿನ ವಾರ ಕೊಡ್ತೀನಿ" ಅಂದವರು, ನಾನು "ಪರವಾಗಿಲ್ಲ ಬಿಡಿ" ಅಂದಿದ್ದೆ. ನನ್ನ ಅಡ್ವಾನ್ಸ್ ದುಡ್ಡು ಬೇರೆಯವರ ಮನೆ ಬೀರುವಿನಲ್ಲಿ ಬ್ಲೌಸಾಗಿ ನೇತಾಡುತ್ತಿತ್ತು.

ಅವತ್ತೇ ಶಟರ್ ಸದ್ದು ಬಿಟ್ಟೆ. ಅದರ ಬದಲು ದುಡ್ಡು ಕೇಳೋ ಎರಡು ನಿಮಿಷವನ್ನು ಮನಸ್ಸಿನಲ್ಲಿ ಅಭ್ಯಾಸ ಮಾಡೋಕೆ ಹಿಡಿದೆ. ಗವೀಪುರದ ಒಬ್ಬರು 2,400 ಕೊಡಬೇಕಿತ್ತು. ಅವರ ಗ್ರಿಲ್ ಗೇಟಿನ ಚಿಲಕ ಕಿರ್ ಅನ್ನುತ್ತೆ. ಒಳಗೆ ಕುಕ್ಕರ್ ಕೂಗುತ್ತೆ. "ಅಯ್ಯೋ, ಮರೆತೇಹೋಗಿತ್ತು ಕಣ್ರೀ" ಅನ್ನೋ ಅವರ ಧ್ವನಿ. ಅಲ್ಲಿ ನಾನು ಪರವಾಗಿಲ್ಲ ಅನ್ನಬಾರದು. ಮೊತ್ತ ಹೇಳಬೇಕು. ಹೇಳಿ ಸುಮ್ಮನಿರಬೇಕು. ಕುಕ್ಕರ್ ಇನ್ನೊಂದು ಸಲ ಕೂಗೋ ತನಕ ಸುಮ್ಮನಿರಬೇಕು. ಕೂತು ಮಾಡಿದರೆ ಆಗಲಿಲ್ಲ, ಅದಕ್ಕೆ ಚಪ್ಪಲಿ ಹಾಕಿಕೊಂಡು, ಹೆಗಲಿಗೆ ಬ್ಯಾಗ್ ಏರಿಸಿ, ನಮ್ಮನೆ ಬಾಗಿಲ ಹತ್ತಿರ ನಿಂತೇ ಮಾಡುತ್ತಿದ್ದೆ. ದಿನಕ್ಕೆ ಹತ್ತು ಹನ್ನೆರಡು ಸಲ. 1999ರಲ್ಲಿ ಅಮೆರಿಕದಲ್ಲಿ ಕಾಲೇಜು ಮಕ್ಕಳ ಮೇಲೆ ಒಂದು ಅಧ್ಯಯನ ಆಗಿದೆಯಂತೆ, ಒಳ್ಳೆ ಮಾರ್ಕ್ಸ್ ಬಂತು ಅಂತ ಊಹಿಸಿಕೊಂಡವರಿಗಿಂತ ಕೂತು ಓದೋದನ್ನು ಊಹಿಸಿಕೊಂಡವರೇ ಜಾಸ್ತಿ ತೆಗೆದರಂತೆ. ಅದನ್ನೂ ಮಗಳೇ ಹೇಳಿದ್ದು. ನನಗೆ ಗೊತ್ತಾಗಿದ್ದು ಆಮೇಲೆ.

ಮೊದಲ ದಿನ ಸೋತೆ. ಗೇಟು ಕಿರ್ ಅಂದಿತು, ಅವರು ಮರೆತೇಹೋಗಿತ್ತು ಅಂದರು, ಎಲ್ಲ ಸರಿಯಾಗೇ ಇತ್ತು, ಆದರೆ ಅವರು ಕಾಫಿ ಕೊಟ್ಟುಬಿಟ್ಟರು! ನನ್ನ ಅಭ್ಯಾಸದಲ್ಲಿ ಕಾಫಿಯೇ ಇರಲಿಲ್ಲ. ಕುಡಿದು, 500 ಇಸಕೊಂಡು ಬಂದೆ. ಮತ್ತೆ ಒಂದು ವಾರ ಕಾಫಿ ಲೋಟದ ಸದ್ದನ್ನೂ ಸೇರಿಸಿ ಮಾಡಿದೆ. ಎರಡನೇ ಸಲ ಉಳಿದ 1,900 ಪೂರ್ತಿ ಬಂತು. ಮೊತ್ತ ಹೇಳೋಕೆ ಮುಂಚೆ ನಾನು ಒಂದು ವಾಕ್ಯ ಹೇಳುತ್ತೇನೆ, ಅದನ್ನು ಮಾತ್ರ ಇಲ್ಲಿ ಬರೆಯಲ್ಲ. ನನ್ನ ಕಸ್ಟಮರುಗಳೂ ಇದನ್ನು ಓದಬಹುದು, ಅಲ್ವಾ.

ಮೂರು ತಿಂಗಳಲ್ಲಿ 52,000ದಷ್ಟು ಬಂತು. ಇಬ್ಬರು ಮುನಿಸಿಕೊಂಡು ಬೇರೆ ಟೈಲರ್ ಹತ್ತಿರ ಹೋದರು. ಒಬ್ಬರು ಮನೆ ಖಾಲಿ ಮಾಡಿಕೊಂಡೇ ಹೋದರು, ನಾನು ಹೊಲಿದ ಆರು ಬ್ಲೌಸ್ ಸಮೇತ. ಹೊಸ ಆರ್ಡರಿಗೆ ಅರ್ಧ ದುಡ್ಡು ಮೊದಲೇ ಕೇಳೋದನ್ನೂ ಹೀಗೇ ಅಭ್ಯಾಸ ಮಾಡಿಕೊಂಡೆ, ವರಮಹಾಲಕ್ಷ್ಮಿ ಹಬ್ಬದ ಸೀಸನ್ನಿನಲ್ಲಿ ಅದರಿಂದ ಸುಮಾರು ಕೈ ಸೇರಿತು. ಚೀಟಿ ಎತ್ತಿದ್ದು 30,000. ಓನರ್ ಹತ್ತಿರ ಮಾತಾಡಿ ಅಡ್ವಾನ್ಸು 80,000ಕ್ಕೆ ಇಳಿಸಿದೆ. ಸೆಕೆಂಡ್ ಹ್ಯಾಂಡ್ ಮಿಷನ್ನಿಗೆ 13,000, ಬಟ್ಟೆ ಅಂಚು ಹೊಲಿಯೋ ಓವರ್‌ಲಾಕ್ ಮಿಷನ್ನಿಗೆ 7,000, ಅಂಗಡಿ ಬೋರ್ಡಿಗೆ ಮೂರೂವರೆ ಸಾವಿರ ಹೋಗಿರಬೇಕು.

ಮಧ್ಯೆ ಹುಚ್ಚಾಟಗಳೂ ನಡೆದವು. ಬಿಎಂಟಿಸಿ ಬಸ್ಸಿನಲ್ಲಿ ಸೀಟು ಸಿಗಲಿ ಅಂತ ಒಂದು ತಿಂಗಳು ಮಾಡಿ ನೋಡಿದೆ, ಮಾರ್ಕೆಟ್ ತನಕ ನಿಂತೇ ಹೋದೆ. ತೂಕ ಇಳಿಯಲಿ ಅಂತ ಮಾಡಿದಾಗ ಕಡಲೆಕಾಯಿ ಪರಿಷೆ ಬಂತು, ಆ ಮಾತು ಬಿಡಿ. ಮಗಳ ಎಸ್ಸೆಸ್ಸೆಲ್ಸಿ ಲೆಕ್ಕಕ್ಕೆ ನಾನೇ ಕೂತು ಮಾಡಿದೆ, 71 ಬಂತು, ಅವಳು "ಅದು ನನ್ನ ಟ್ಯೂಷನ್ನಿಂದ" ಅನ್ನುತ್ತಾಳೆ. ಒಂದು ಮಾತ್ರ ನಿಜವಾಗಲೂ ಕೆಲಸ ಮಾಡಿತು. ದುಬಾರಿ ಮೈಸೂರು ಸಿಲ್ಕ್ ಬಂದರೆ, ಹಿಂದಿನ ರಾತ್ರಿ ಮಲಗಿಕೊಂಡೇ ಕಟಿಂಗ್ ಪೂರ್ತಿ ಮುಗಿಸುತ್ತೇನೆ. ಡಾಟ್ಸ್ ಎಲ್ಲಿ, ಆರ್ಮ್‌ಹೋಲ್ ಎಷ್ಟು, ಕತ್ತರಿ ಎಲ್ಲಿ ನಿಲ್ಲಬೇಕು, ಎಲ್ಲ ಸದ್ದಿನಲ್ಲೇ. ಮೊದಲು ಹತ್ತರಲ್ಲಿ ಮೂರು ಆಲ್ಟರೇಷನ್ನಿಗೆ ವಾಪಸ್ ಬರುತ್ತಿದ್ದವು, ಈಗ ಒಂದು ಬಂದರೆ ಹೆಚ್ಚು. ಹಾಗೆ ಮಲಗಿದಾಗ ಕೈಯಲ್ಲಿ ಏನು ಹಿಡಿದುಕೊಂಡಿರುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ.

ಅಂದಹಾಗೆ, ನಿಜವಾದ ಶಟರ್ ನಾನು ಕೇಳಿಸಿಕೊಂಡ ಹಾಗಿಲ್ಲ. ಅರ್ಧಕ್ಕೆ ಬಂದು ಎಡಗಡೆ ಸಿಕ್ಕಿಕೊಳ್ಳುತ್ತೆ, ಕಾಲಿಂದ ಒದ್ದರೆ ಮೇಲೆ ಹೋಗುತ್ತೆ. ಓನರ್ ನೀವೇ ರಿಪೇರಿ ಮಾಡಿಸಿಕೊಳ್ಳಿ ಅಂತಾರೆ. ಹನ್ನೊಂದು ತಿಂಗಳ ಅಗ್ರಿಮೆಂಟು ಮುಗಿಯೋಕೆ ಇನ್ನು ನಾಲ್ಕೇ ತಿಂಗಳು, ಬಾಡಿಗೆ ಏರಿಸಿಯೇ ಏರಿಸುತ್ತಾರೆ. ಆ ಮಾತುಕತೆಯನ್ನು ಈಗಿನಿಂದಲೇ ಬಾಗಿಲ ಹತ್ತಿರ ನಿಂತು ಶುರು ಮಾಡಿದ್ದೇನೆ. ಸದ್ಯಕ್ಕೆ ದಿನಾ ಅವರೇ ಗೆಲ್ಲುತ್ತಿದ್ದಾರೆ.