ಕಳೆ ಸೊಪ್ಪಿನ ಮೇಲೆ ನಡೆಯುವ ಭಾನುವಾರದ ಊಟ

ತಾವರೆಕೆರೆ ಆಚೆ ನಮಗಿರುವುದು ಇಪ್ಪತ್ತು ಗುಂಟೆ. ಅಲ್ಲಿ ಬೆಳೆದದ್ದನ್ನೇ ಬೇಯಿಸಿ ಭಾನುವಾರ ಬೆಂಗಳೂರಿನ ವಿಜಯನಗರ, ಬಸವೇಶ್ವರನಗರದ ಮನೆಗಳಿಗೆ ಸುಮಾರು 40 ಊಟ ಕಳಿಸುತ್ತೇನೆ. "ಯಾವ ಪಲ್ಯ ಅಂತ ಹೇಳದೆ ದುಡ್ಡು ಯಾರಮ್ಮ ಕೊಡ್ತಾರೆ?" ಅಂತ ನಮ್ಮತ್ತೆ ಕೇಳಿದ್ದರು. ಕೊಡುತ್ತಾರೆ. ಶುಕ್ರವಾರವೇ ಕೊಡುತ್ತಾರೆ.

ಮೊದಲು ನಾನೂ ಎಲ್ಲರಂತೆ ಸೋಮವಾರವೇ ಮೆನು ಹೇಳುತ್ತಿದ್ದೆ. ಬದನೆ ಎಣ್ಣೆಗಾಯಿ, ಹುರುಳಿಕಾಯಿ ಪಲ್ಯ, ಟೊಮೇಟೊ ಗೊಜ್ಜು. ಶನಿವಾರ ತೋಟಕ್ಕೆ ಹೋದರೆ ಬದನೆ ಮೂರು ಕೆಜಿ, ಬೆಂಡೆ ಹದಿನೈದು ಕೆಜಿ. ಬೆಂಡೆಯನ್ನು ಎರಡು ದಿನ ಗಿಡದಲ್ಲೇ ಬಿಟ್ಟರೆ ನಾರು, ಹಸುವಿಗೇ ಹಾಕಬೇಕು. ಮೆನುವಿಗೆ ಬೇಕಾದ್ದನ್ನು ಕಲಾಸಿಪಾಳ್ಯ ಮಾರ್ಕೆಟ್‌ನಿಂದ ತರುತ್ತಿದ್ದೆ. ವಾರಕ್ಕೆ 1,200, ಕೆಲವೊಮ್ಮೆ 1,500 ರೂಪಾಯಿ ಅದಕ್ಕೇ ಹೋಗುತ್ತಿತ್ತು, ಆಟೋ ಬೇರೆ. 2023ರ ಜುಲೈನಲ್ಲಿ ಟೊಮೇಟೊ ಕೆಜಿಗೆ ನೂರು ದಾಟಿತಲ್ಲ, ಆ ತಿಂಗಳು ಪೂರ್ತಿ ಕೈಯಿಂದ ಹಾಕಿದ್ದೇನೆ.

ಅಲ್ಲಿಂದ ಉಲ್ಟಾ ಮಾಡಿದೆ. ತರಕಾರಿ ಹೆಸರು ಹೇಳುವುದನ್ನೇ ಬಿಟ್ಟೆ. ಒಂದು ಸಾರು, ಒಂದು ಪಲ್ಯ, ಒಂದು ಗೊಜ್ಜು, ಅನ್ನ, ಬೇಕೆಂದವರಿಗೆ ಮುದ್ದೆ. ಇಷ್ಟೇ ಹೇಳುವುದು. ಮಸಾಲೆ ಶುಕ್ರವಾರ ಹುರಿದಿಟ್ಟಿರುತ್ತೇನೆ. ಅದಕ್ಕೆ ಏನು ಬೀಳಬೇಕು ಅನ್ನುವುದು ಶನಿವಾರ ಕೊಯ್ದ ಮೇಲೆ ತೀರ್ಮಾನ. ಹುಳಿಗೆ ಹುಣಸೆಹಣ್ಣೇ ಗಟ್ಟಿ, ಟೊಮೇಟೊ ಇದ್ದರೆ ಉಂಟು ಇಲ್ಲದಿದ್ದರೆ ಇಲ್ಲ. ಮೊದಲ ತಿಂಗಳು ಏಳೆಂಟು ಮನೆಯವರು ಬಿಟ್ಟರು. ಉಳಿದವರು ಇನ್ನೂ ಇದ್ದಾರೆ.

ನಿಜವಾದ ಲಾಭ ಬಂದದ್ದು ಮಳೆಗಾಲದಲ್ಲಿ. ರಾಗಿ ಸಾಲಿನ ಕಳೆ ಕೀಳಲು ಒಬ್ಬರಿಗೆ ದಿನಕ್ಕೆ 450 ಕೊಟ್ಟು, ಕಿತ್ತದ್ದನ್ನು ಬದುವಿಗೆ ಎಸೆಯುತ್ತಿದ್ದೆ. ಎಸೆದದ್ದರಲ್ಲಿ ಏನಿತ್ತು ಹೇಳಿ? ಅಣ್ಣೆ ಸೊಪ್ಪು, ಗಣಿಕೆ, ಕಿರಕಸಾಲೆ, ಹೊನಗೊನ್ನೆ, ಗೋಣಿ ಸೊಪ್ಪು. ಬೆರಕೆ ಸೊಪ್ಪಿನ ಬಸ್ಸಾರಿಗೆ ಇನ್ನೇನು ಬೇಕು? ಈಗ ಕೀಳುವವರೇ ಬುಟ್ಟಿಗೆ ವಿಂಗಡಿಸಿ ಹಾಕುತ್ತಾರೆ. ಅದಕ್ಕೆ 50 ರೂಪಾಯಿ ಜಾಸ್ತಿ ಕೊಡುತ್ತೇನೆ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಬಿತ್ತದ ಬೆಳೆಯಿಂದ ನನ್ನ ಸಾರು ನಡೆಯುತ್ತದೆ.

ಆದರೆ ಐದು ಜನಕ್ಕೆ ಬರುವ ಬಸ್ಸಾರು ನಲವತ್ತು ಜನಕ್ಕೆ ಸುಮ್ನೆ ಬರಲ್ಲ. ದೊಡ್ಡ ಪಾತ್ರೆಯಲ್ಲಿ ತೊಗರಿಬೇಳೆ ಜೊತೆ ಸೊಪ್ಪು ಬೇಯಿಸಿದೆ. ಬಸಿಯುವಷ್ಟರಲ್ಲಿ ಬೇಳೆ ಕರಗಿ ಕಟ್ಟು ಗಂಜಿಯಾಯಿತು. ಇನ್ನೊಂದು ವಾರ ಗಣಿಕೆ ಜಾಸ್ತಿ ಬಿದ್ದು ಕಹಿ. ಮತ್ತೊಂದು ಸಲ ಗೋಣಿ ಸೊಪ್ಪಿನಿಂದ ಲೋಳೆ. ಆ ದಿನ ಆರೇಳು ಮನೆಗೆ ದುಡ್ಡು ವಾಪಸ್ ಕೊಟ್ಟೆ. ಈಗ ಬೇಳೆ ಹಾಕುವುದೇ ಇಲ್ಲ. ಹುರುಳಿಕಾಳು ಇಲ್ಲವೇ ಅಲಸಂದೆ ಮುಕ್ಕಾಲು ಬೆಂದ ಮೇಲೆ ಸೊಪ್ಪು. ಅಣ್ಣೆ, ಕಿರಕಸಾಲೆ ಅರ್ಧಕ್ಕಿಂತ ಜಾಸ್ತಿ, ಗಣಿಕೆ ಒಂದು ಹಿಡಿ, ಗೋಣಿ ಅದಕ್ಕಿಂತ ಕಡಿಮೆ. ಬಸಿಯುವುದು ಬಿದಿರಿನ ಮಂಕರಿಯಲ್ಲಿ. ಸ್ಟೀಲ್ ಜರಡಿಯ ತೂತು ಸೊಪ್ಪಿನಿಂದ ಕಟ್ಟಿಕೊಳ್ಳುತ್ತದೆ, ಮಂಕರಿಯಲ್ಲಿ ನೀರು ಎಲ್ಲ ಕಡೆಯಿಂದ ಇಳಿಯುತ್ತದೆ. ಮಸಾಲೆ ರುಬ್ಬುವಾಗ ಬೆಂದ ಸೊಪ್ಪು ಕಾಳು ಒಂದು ಸೌಟು ಸೇರಿಸುವುದು ನಿಮಗೆ ಗೊತ್ತೇ ಇದೆ. ಕೊನೆಗೆ ಒಂದು ಪುಡಿ ಬೀಳುತ್ತದೆ, ಅದನ್ನು ಮಾತ್ರ ಹೇಳುವುದಿಲ್ಲ. ತಿಂದು ಕಂಡುಹಿಡಿದವರು ಇಲ್ಲಿಯವರೆಗೆ ಒಬ್ಬರೇ, ಕೋಲಾರದ ಕಡೆಯ ಅಜ್ಜಿ.

ಬದನೆ ಜಾಸ್ತಿ ಬಂದ ವಾರಕ್ಕೆ ಹುಚ್ಚೆಳ್ಳು ಪುಡಿ ಇದೆ. ರಾಗಿಯ ನಡುವೆ ಬಿತ್ತುವ ಅಕ್ಕಡಿ ಸಾಲಿನಲ್ಲಿ ಅವರೆ, ಸಾಸಿವೆ ಜೊತೆ ಹುಚ್ಚೆಳ್ಳೂ ಹಾಕುತ್ತೇವೆ. ಅದನ್ನು ಹುರಿದು ಪುಡಿ ಮಾಡಿ ಪಲ್ಯಕ್ಕೆ ಹಾಕಿದರೆ ತೆಂಗಿನಕಾಯಿ ಅರ್ಧ ಉಳಿಯುತ್ತದೆ. ಕಾಯಿ ರೇಟ್ ನೋಡಿದವರಿಗೆ ಇದರ ಬೆಲೆ ಗೊತ್ತು. ಹೀರೆ ಸಿಪ್ಪೆ ಚಟ್ನಿಗೆ, ನವಿಲುಕೋಸಿನ ಎಳೆ ಎಲೆ ಪಲ್ಯಕ್ಕೆ. ಬದನೆ ಒಣಗಿಸಿ ಕರಿಯಲು ನೋಡಿದೆ, ಎಣ್ಣೆ ಕುಡಿದದ್ದೇ ಬಂತು.

ಬೇಸಿಗೆ ಕಷ್ಟ. ಏಪ್ರಿಲ್‌ನಲ್ಲಿ ಬೋರ್ ನೀರು ಇಳಿದರೆ ಅಟ್ಟದ ಸಿಹಿಗುಂಬಳ, ಬೂದುಗುಂಬಳ, ಬದುವಿನ ನುಗ್ಗೆ, ಮಾವಿನಕಾಯಿ, ಅಷ್ಟೇ. ಹಾಗಂತ ಬೇಸಿಗೆಗೂ ಅವರೆ ಸಿಗಲಿ ಅಂತ ಕೃಷಿ ವಿಶ್ವವಿದ್ಯಾಲಯದ ಎಚ್‌ಎ-4, ಅಂದರೆ ಹೆಬ್ಬಾಳ ಅವರೆ-4 ತಳಿ ಹಾಕಿ ನೋಡಿದೆ. ನಾಟಿ ಅವರೆ ಹಗಲು ಚಿಕ್ಕದಾಗುವ ತನಕ ಹೂ ಬಿಡಲ್ಲ, ಇದಕ್ಕೆ ಆ ಹಂಗಿಲ್ಲ. ಕಾಯಿ ಚೆನ್ನಾಗಿಯೇ ಬಂತು. ಆದರೆ ಹಿಬ್ಬನಿಯಲ್ಲಿ ಬೆಳೆದ ಅವರೆಯ ಸೊಗಡು ಎಲ್ಲಿ? ಊಟ ತರಿಸಿದವರೇ ಕೇಳಿದರು, "ಇದ್ಯಾಕೆ ಮೇಡಂ, ಬಟಾಣಿ ತರ ಇದೆ?" ಆ ಸಾಹಸ ಅಲ್ಲಿಗೆ ಬಿಟ್ಟೆ. ಅದರ ಬದಲು ಜನವರಿಯಲ್ಲಿ ಹಿತುಕಿದ ಬೇಳೆಯನ್ನು ಒಂದೊಂದು ಊಟದ ಲೆಕ್ಕಕ್ಕೆ ಕಟ್ಟಿ ಫ್ರೀಜರ್‌ಗೆ ಹಾಕುತ್ತೇನೆ. ಮಾರ್ಚ್ ಮುಗಿಯುವ ತನಕ ರುಚಿ ಕೆಡಲ್ಲ.

ಲೆಕ್ಕ ಹೇಳುತ್ತೇನೆ. ಊಟಕ್ಕೆ 180 ರೂಪಾಯಿ, ಎಲ್ಲ ಸೇರಿ 7,200. ರೇಷನ್, ಕಾಯಿ, ಗ್ಯಾಸ್‌ಗೆ 2,300, ಸಹಾಯಕ್ಕೆ ಬರುವ ಇಬ್ಬರಿಗೆ 1,000, ತಲುಪಿಸಲು ಇನ್ನೊಂದು ಸಾವಿರ, ಡಬ್ಬಿಗೆ ನಾನೂರು. ಹೆಚ್ಚುಕಡಿಮೆ 2,500 ಕೈಗೆ ಉಳಿಯುತ್ತದೆ. ತರಕಾರಿಗೆ ಬೆಲೆ ಕಟ್ಟಿಲ್ಲ, ಅದನ್ನು ಕಟ್ಟಿದರೆ ಬೇರೆ ಮಾತು.

ಅವರೆ ತಿಂಗಳಲ್ಲಿ ಮಾತ್ರ ಊಟಕ್ಕೆ 30 ರೂಪಾಯಿ ಜಾಸ್ತಿ. ಐದು ಕೆಜಿ ಕಾಯಿ ಸುಲಿದರೆ ಎರಡು ಕೆಜಿ ಕಾಳು ಸಿಕ್ಕರೆ ಪುಣ್ಯ, ರಾತ್ರಿ ನೆನೆಸಿ ಹಿತುಕಿದ ಮೇಲೆ ಇನ್ನೂ ಇಳಿಯುತ್ತದೆ, ಹಿತುಕುವ ಕೂಲಿ ಬೇರೆ. ಜಾಸ್ತಿ ಯಾಕೆ ಅಂತ ಕೇಳಿದವರಿಗೆ ಒಂದು ಕೆಜಿ ಕಾಯಿ ಕಳಿಸಿ ನೀವೇ ಹಿತುಕಿ ಅಂದಿದ್ದೇನೆ.